ಓದುಗರ ಪ್ರಶ್ನೆ: ಕ್ಲಬ್ಬಿನಲ್ಲಿ ಕಂಡ ನಟ, ಶಾಲೆಯ ಮುಖ್ಯ ಅತಿಥಿ

ಪ್ರಶ್ನೆ: ನಾನು ಕುಂಬಳೆ ಸಮೀಪದವನು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿ. ಕಳೆದ ವರ್ಷ ಕಚೇರಿಯ ಸಮ್ಮೇಳನಕ್ಕೆಂದು ಅಮೆರಿಕದ ಲಾಸ್ ವೇಗಸ್‌ಗೆ ಹೋಗಿದ್ದಾಗ ಸಹೋದ್ಯೋಗಿಗಳೊಂದಿಗೆ ಒಂದು ರಾತ್ರಿ ನರ್ತಕಿಯರು ಬಟ್ಟೆ ಕಳಚುತ್ತ ಕುಣಿಯುವ ಅಲ್ಲಿನ ಸ್ಟ್ರಿಪ್ ಕ್ಲಬ್ಬಿಗೂ ಹೋದೆ. ಪಕ್ಕದ ಮೇಜಿನಲ್ಲಿ ಕನ್ನಡದ ಹೆಸರಾಂತ ನಟರೊಬ್ಬರು ಕುಳಿತಿದ್ದರು. ಒಮ್ಮೆ ನಮ್ಮಿಬ್ಬರ ದೃಷ್ಟಿ ಕೂಡಿತು, ಆದರೆ ಮಾತುಕತೆ ನಡೆಯಲಿಲ್ಲ. ಈಗ ನಾನು ಕಲಿತ ಕನ್ನಡ ಶಾಲೆಯ ಶತಮಾನೋತ್ಸವಕ್ಕೆ ಅವರೇ ಮುಖ್ಯ ಅತಿಥಿ. ಮಂಗಳೂರು ವಿಮಾನ ನಿಲ್ದಾಣದಿಂದ ಅವರನ್ನು ಕರೆತರುವ ಹೊಣೆ ನನ್ನದು. ಕಾರಿನಲ್ಲಿ ಆ ವಿಷಯ ಎತ್ತಬಹುದೇ? ಸ್ವಾಗತ ಸಮಿತಿಯ ಹಿರಿಯರಿಗೆ ಮೊದಲೇ ತಿಳಿಸಬೇಕೇ? ಸಹೋದ್ಯೋಗಿ ಕದ್ದು ತೆಗೆದ ಒಂದು ಫೋಟೊ ಕೂಡ ನನ್ನ ಮೊಬೈಲಿನಲ್ಲಿದೆ.
– ಹೆಸರು ಬೇಡ, ಕುಂಬಳೆ

ಉತ್ತರ: ಫೋಟೊದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನಿಜವಾದ ಅಪಾಯವಿರುವುದು ಅಲ್ಲಿ ಮಾತ್ರ. ಅದನ್ನು ಇಂದೇ ಅಳಿಸಿ, ಸಹೋದ್ಯೋಗಿಗೂ ಅಳಿಸಲು ಹೇಳಿ. ಅಂತಹ ಕ್ಲಬ್ಬುಗಳಲ್ಲಿ ಫೋಟೊ ತೆಗೆಯಬಾರದೆಂಬ ನಿಯಮವಿರುವುದು ನಟರಿಗಿಂತ ಹೆಚ್ಚಾಗಿ ನರ್ತಕಿಯರ ರಕ್ಷಣೆಗಾಗಿ. ಅಲ್ಲಿ ಅದು ಪರವಾನಗಿ ಪಡೆದು ನಡೆಸುವ ವ್ಯವಹಾರ. ಕುಣಿಯುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಸಂಬಳದ ನೌಕರರಲ್ಲ, ಕ್ಲಬ್ಬಿಗೇ ದಿನದ ಶುಲ್ಕ ಕಟ್ಟಿ, ಬೇರೆ ಹೆಸರಿಟ್ಟುಕೊಂಡು ದುಡಿಯುವವರು, ಮನೆಯವರಿಗೂ ಈ ಕೆಲಸದ ಸುಳಿವು ಕೊಡದವರೂ ಅವರಲ್ಲಿರುತ್ತಾರೆ. ನಟನ ಮುಖದ ಹಿಂದೆ ಅಂಥವಳೊಬ್ಬಳ ಮೈ ಆ ಚಿತ್ರದಲ್ಲಿ ಬಿದ್ದಿದ್ದರೆ, ಅದನ್ನು ವಾಟ್ಸಾಪಿನಲ್ಲಿ ಕಳಿಸಿದವರು ಅಶ್ಲೀಲ ಚಿತ್ರ ಪ್ರಸಾರದ ಆರೋಪಕ್ಕೆ ಸಿಕ್ಕಿಬೀಳಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ವಿಧಿಯ ಪ್ರಕಾರ ಮೊದಲ ಸಲದ ತಪ್ಪಿಗೇ 3 ವರ್ಷದವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿಯವರೆಗಿನ ದಂಡವಿದೆ.

ಇನ್ನು ಸಮಿತಿಯ ವಿಷಯ. ಪ್ರಾಯಕ್ಕೆ ಬಂದ ಮನುಷ್ಯರೊಬ್ಬರು ಕಾನೂನು ಒಪ್ಪಿದ ಜಾಗದಲ್ಲಿ, ತಮ್ಮದೇ ದುಡ್ಡಿನಲ್ಲಿ ಒಂದು ಸಂಜೆ ಕಳೆದದ್ದು ಶಾಲೆಯ ಶತಮಾನೋತ್ಸವದ ಕಾರ್ಯಸೂಚಿಗೆ ಸೇರುವ ಸಂಗತಿಯಲ್ಲ. ಹಿರಿಯರೊಬ್ಬರ ಕಿವಿಯಲ್ಲಿ ಮಾತ್ರ ಹೇಳುತ್ತೇನೆಂದು ನೀವು ಅಂದುಕೊಂಡಿರಬಹುದು. ಆದರೆ ನಮ್ಮ ಊರುಗಳಲ್ಲಿ ಬೆಳಿಗ್ಗೆ ಕುಂಬಳೆಯ ಕಿವಿಗೆ ಬಿದ್ದದ್ದು ಸಂಜೆಯ ಬಸ್ಸಿನಲ್ಲಿ ಬದಿಯಡ್ಕ ತಲುಪಿರುತ್ತದೆ, ಪೆರ್ಲ ಮುಟ್ಟುವ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಕುಳಿತಿದ್ದ ನಟರು ವೇದಿಕೆ ಹತ್ತಿ ಕುಣಿದಿರುತ್ತಾರೆ. ಆ ಹಿರಿಯರು ಕೇಳುವ ಮೊದಲ ಪ್ರಶ್ನೆಯಾದರೂ ಏನು? 'ನೀನು ಅಲ್ಲಿ ಎಂತ ಮಾಡುತ್ತಿದ್ದೆ ಮಾರಾಯ?' ಅದಕ್ಕೆ ನಿಮ್ಮ ಬಳಿ ಇರುವ ಉತ್ತರವೇ ನಟರ ಬಳಿಯೂ ಇದೆ.

'ನಡೆದದ್ದನ್ನೇ ತಾನೇ ಹೇಳುವುದು, ಸುಳ್ಳಲ್ಲವಲ್ಲ' ಎಂದು ಗೆಳೆಯರು ಹುರಿದುಂಬಿಸಿಯಾರು. ನಮ್ಮ ಕಾನೂನು ಅಷ್ಟು ಸಲೀಸಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ವಿಧಿ, ಹಳೆಯ ದಂಡಸಂಹಿತೆಯ 499ನೇ ವಿಧಿಯಂತೆಯೇ, ಮಾನಹಾನಿಯ ಆರೋಪದಿಂದ ಪಾರಾಗಲು ಮಾತು ನಿಜವಾಗಿದ್ದರಷ್ಟೇ ಸಾಲದು, ಅದನ್ನು ಹೇಳುವುದರಿಂದ ಸಾರ್ವಜನಿಕ ಹಿತವೂ ಸಾಧಿಸಬೇಕು ಎನ್ನುತ್ತದೆ. ನಟರೊಬ್ಬರು ರಜೆಯ ರಾತ್ರಿ ಎಲ್ಲಿದ್ದರೆಂದು ಊರಿಗೆ ಗೊತ್ತಾದರೆ ಯಾವ ಹಿತ ಸಾಧಿಸೀತು?

ಹಾಗೆಂದು ಎಲ್ಲ ಸಂದರ್ಭದಲ್ಲೂ ಬಾಯಿ ಮುಚ್ಚಿಕೊಂಡಿರಿ ಎನ್ನುವವನು ನಾನಲ್ಲ. ಆ ರಾತ್ರಿ ಅವರು ಹೆಣ್ಣೊಬ್ಬಳ ಮೇಲೆ ಕೈಮಾಡಿದ್ದನ್ನು ನೀವು ಕಂಡಿದ್ದರೆ ನೀವು ಸಾಕ್ಷಿ. ಆಗ ಹೇಳಬೇಕಾದದ್ದು ಪೊಲೀಸರಿಗೆ, ಅದೂ ಅಲ್ಲೇ, ಆಗಲೇ. ಅಥವಾ ಅವರು ಊರೂರು ತಿರುಗಿ ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಉಪದೇಶ ಮಾಡುವವರಾಗಿದ್ದರೆ, ಆಡುವ ಮಾತಿಗೂ ನಡತೆಗೂ ಇರುವ ಅಂತರವನ್ನು ಹೆಸರು ಹಾಕಿ ಬರೆಯುವವರನ್ನು ನಾನು ತಪ್ಪುಗಾರರೆನ್ನುವುದಿಲ್ಲ. ನಿಮ್ಮ ಪತ್ರದಲ್ಲಿ ಈ ಎರಡೂ ಇಲ್ಲ. ಇರುವುದು ಬಾಯಿಯ ತುರಿಕೆ ಮಾತ್ರ. ಅದು ನನಗೂ ಅಪರಿಚಿತವಲ್ಲ.

ಕಾರಿನಲ್ಲಿ ನೀವಾಗಿ ವಿಷಯ ಎತ್ತಬೇಡಿ, ಗೆಳೆತನದ ನಗೆಯೊಂದಿಗೆ 'ನಿಮ್ಮನ್ನು ಎಲ್ಲೋ ನೋಡಿದ್ದೇನೆ ಸರ್' ಎಂಬ ಸುಳಿವಿನ ಮಾತಂತೂ ಬೇಡವೇ ಬೇಡ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಅದು ಬೆದರಿಕೆಯಂತೆ ಕೇಳಿಸುತ್ತದೆ. ಅವರೇ ಗುರುತು ಹಿಡಿದು ಕೇಳಿದರೆ 'ಹೌದು, ಅಲ್ಲಿ ನಾನೂ ಇದ್ದೆ' ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿ. ತಲಪಾಡಿ ಗಡಿ ದಾಟಿ ಕುಂಬಳೆಗೆ ಬರುವುದೆಂದರೆ ಗಂಟೆಗೂ ಮೀರಿದ ದಾರಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡವೇ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳೂ ಪೋಷಕರೂ ಪಟ್ಟ ಪಾಡನ್ನು ಅಷ್ಟು ಹೊತ್ತಿನಲ್ಲಿ ವಿವರವಾಗಿ ಹೇಳಬಹುದು. ವೇದಿಕೆಯಲ್ಲಿ ಅವರು ಅದರ ಬಗ್ಗೆ ಎರಡು ಮಾತಾಡಿದರೆ ಮರುದಿನದ ಪತ್ರಿಕೆಗಳಲ್ಲಿ ಜಾಗ ಸಿಗುತ್ತದೆ, ನಿಮ್ಮ ಶಾಲೆಗೆ ಅವರಿಂದ ಆಗಬೇಕಾದ ಉಪಕಾರವೂ ಅದೇ.

ಪ್ರಶ್ನೆ: ಉಪ್ಪಳದಿಂದ ಮುಂಬಯಿಗೆ ಹೋಗಿ ಬಹುಕಾಲ ಡ್ಯಾನ್ಸ್ ಬಾರ್ ಒಂದರ ಗಲ್ಲಾದಲ್ಲಿ ಕುಳಿತು ದುಡಿದು, ಈಗ ಊರಲ್ಲಿದ್ದೇನೆ. ಅಲ್ಲಿಗೆ ಬರುತ್ತಿದ್ದ ಸಿನಿಮಾದವರ, ಕ್ರಿಕೆಟಿನವರ ಕಥೆ ಹೇಳೆಂದು ಯೂಟ್ಯೂಬ್ ಚಾನೆಲಿನವರು ಬೆನ್ನು ಬಿದ್ದಿದ್ದಾರೆ, ಹಣವನ್ನೂ ಕೊಡುತ್ತಾರಂತೆ. ಹೇಳಬಹುದೇ?
– ಒಬ್ಬ ಓದುಗ, ಉಪ್ಪಳ

ಉತ್ತರ: ಹೆಸರುಗಳನ್ನು ಹೇಳಬೇಡಿ. ಗಿರಾಕಿಯಾಗಿ ಹೋದವನಿಗಿಂತ ಗಲ್ಲಾದಲ್ಲಿ ಕುಳಿತವನಿಗೆ ಕಟ್ಟುನಿಟ್ಟು ಹೆಚ್ಚು, ಏಕೆಂದರೆ ನೀವು ಅವರನ್ನು ಕಂಡದ್ದು ಕೆಲಸದ ನಿಮಿತ್ತ, ಯಾರು ಎಷ್ಟು ಬಿಲ್ಲು ಕೊಟ್ಟರೆಂಬುದು ಗೊತ್ತಾದದ್ದೂ ಆ ಕೆಲಸದಿಂದಲೇ.

ಮಹಾರಾಷ್ಟ್ರ ಸರಕಾರ 2016ರಲ್ಲಿ ಡ್ಯಾನ್ಸ್ ಬಾರುಗಳಿಗಾಗಿ ಹೊಸ ಕಾಯ್ದೆ ತಂದು ಒಳಗೆ ಸಿಸಿಟಿವಿ ಕಡ್ಡಾಯ ಮಾಡಿದ್ದನ್ನು ಸುಪ್ರೀಂ ಕೋರ್ಟು 2019ರ ಜನವರಿ 17ರಂದು ತಳ್ಳಿಹಾಕಿತು. ಅದು ಖಾಸಗಿತನಕ್ಕೆ ಧಕ್ಕೆ ಎಂಬುದೇ ಕಾರಣ. ಆ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಸರಕಾರದ ಕ್ಯಾಮರಾಕ್ಕೇ ಒಳಗೆ ಜಾಗವಿಲ್ಲವೆಂದ ಮೇಲೆ ನಿಮ್ಮ ನೆನಪಿನ ಕ್ಯಾಮರಾವನ್ನು ಬಾಡಿಗೆಗೆ ಕೊಡುವುದು ನನಗೆ ಸರಿಕಾಣುವುದಿಲ್ಲ.

ಆದರೆ ಹೆಸರಿಲ್ಲದೆ ಹೇಳಲು ನಿಮ್ಮಲ್ಲಿ ಎಷ್ಟೊಂದು ಸರಕಿದೆ! 2005ರಲ್ಲಿ ಮಹಾರಾಷ್ಟ್ರದ ಆಗಿನ ಗೃಹಸಚಿವ ಆರ್.ಆರ್. ಪಾಟೀಲರು ಡ್ಯಾನ್ಸ್ ಬಾರುಗಳಿಗೆ ನಿಷೇಧ ತಂದಾಗ ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳು ಎಲ್ಲಿಗೆ ಹೋದರು, 2013ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ಸಲ್ಲದೆಂದ ಮೇಲೆ ಎಷ್ಟು ಮಂದಿ ಮರಳಿ ಬಂದರು, ನೋಟು ತೂರುವ ಗಿರಾಕಿಗಳನ್ನು ಮಾಲೀಕರು ಹೇಗೆ ನಿಭಾಯಿಸುತ್ತಿದ್ದರು ಎಂಬುದನ್ನೆಲ್ಲ ಗಲ್ಲಾದಲ್ಲಿ ಕುಳಿತವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಚಾನೆಲಿನವರಿಗೆ ಅಷ್ಟು ಸಾಕಾದರೆ ಮಾತಾಡಿ, ಬಾಯಿತಪ್ಪಿ ಬಂದ ಹೆಸರನ್ನು ಕತ್ತರಿಸುತ್ತೇವೆಂದು ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅಷ್ಟಕ್ಕೆ ಅವರು ಒಪ್ಪದಿದ್ದರೆ ಮುಂಗಡ ತೆಗೆದುಕೊಳ್ಳಬೇಡಿ.