ಕೆನಡಾದ ಉತ್ತರದಲ್ಲಿ ನೂರೈವತ್ತು ಜನರ ಊರಿಗೂ ಏರ್‌ಪೋರ್ಟ್ ಇದೆಯಂತೆ. ದಂಡ ಅಲ್ವಾ? ಜನರನ್ನೇ ದೊಡ್ಡ ಊರಿಗೆ ಕಳಿಸಬಾರದಾ?

ನಾನೂ ಮೊದಲು ಹೀಗೇ ಅಂದುಕೊಂಡಿದ್ದೆ. ಆಮೇಲೆ ಡೀಸೆಲ್ ಜನರೇಟರ್ ಕೆಲಸಕ್ಕೆ ಬ್ಯಾಫಿನ್ ದ್ವೀಪದ ಪ್ಯಾಂಗ್ನಿರ್ಟುಂಗ್‌ಗೆ (ಅಲ್ಲಿಯವರ ಬಾಯಲ್ಲಿ ಬರೀ ಪ್ಯಾಂಗ್) ಹೋಗಬೇಕಾಯಿತು. ಎರಡು ವಾರದ ಕೆಲಸ. ವಾಪಸ್ ಬರಲು ಮೂರು ದಿನ ಜಾಸ್ತಿ ಹಿಡಿಯಿತು, ಗಾಳಿ ಬಿಡಲಿಲ್ಲ.

ಈ ದ್ವೀಪ ಸೇರಿರುವ ಕೆನಡಾದ ಉತ್ತರ ಪ್ರಾಂತ್ಯ ನುನಾವುಟ್‌ನಲ್ಲಿ ಇರುವುದು 25 ಊರು. ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ದಕ್ಷಿಣದ ಕೆನಡಾದಿಂದಲೂ ಇಲ್ಲ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದಾಗ ಹಡಗು ಬರುತ್ತದೆ. ಡೀಸೆಲ್, ಮರದ ಹಲಗೆ, ಗಾಡಿಗಳು, ವರ್ಷಕ್ಕಾಗುವಷ್ಟು ಹಿಟ್ಟು, ಎಲ್ಲ ಆಗಲೇ ಬರಬೇಕು. ಉಳಿದ ಕಾಲದಲ್ಲಿ ಹಾಲು, ತರಕಾರಿ, ಔಷಧಿ, ಟಪಾಲು, ಮೇಷ್ಟ್ರು, ಕಡೆಗೆ ಹೊರಗೆ ತೀರಿಕೊಂಡವರ ಹೆಣವೂ ವಿಮಾನದಲ್ಲೇ ಬರಬೇಕು.

ಏರ್‌ಪೋರ್ಟ್ ಅಂದ ಕೂಡಲೇ ದೇವನಹಳ್ಳಿ ನೆನಸಿಕೊಳ್ಳಬೇಡಿ. ಪ್ಯಾಂಗ್‌ನ ಟರ್ಮಿನಲ್ ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಅರ್ಧವೂ ಇಲ್ಲ. ರನ್‌ವೇ ಊರಿನ ನಡುವೆಯೇ ಹಾದುಹೋಗುತ್ತದೆ. ಒಂದು ಕಿಲೋಮೀಟರ್‌ಗಿಂತ ಕಡಿಮೆ ಉದ್ದ, ಬರೀ ಜಲ್ಲಿ. ಟಾರು ಯಾಕೆ ಹಾಕಿಲ್ಲ ಅಂತ ನಾನು ಕೇಳಿದ್ದೆ. ಅಲ್ಲಿ ನೆಲದ ಒಳಗೆ ವರ್ಷವಿಡೀ ಮಂಜುಗಡ್ಡೆ. ಕಪ್ಪು ಟಾರು ಬಿಸಿಲು ಹೀರಿ ಆ ಮಂಜುಗಡ್ಡೆಯನ್ನು ಕರಗಿಸಿದರೆ ನೆಲ ಕುಸಿಯುತ್ತದೆ. ಜಲ್ಲಿಯಾದರೆ ಕುಸಿದ ಕಡೆ ಇನ್ನೊಂದಿಷ್ಟು ಸುರಿದು ಸಮ ಮಾಡಿದರೆ ಆಯಿತು. ಆದರೆ ಈಗಿನ ಹೆಚ್ಚಿನ ಜೆಟ್‌ಗಳು ಜಲ್ಲಿ ಮೇಲೆ ಇಳಿಯುವ ಹಾಗಿಲ್ಲ, ಇಂಜಿನ್ ಕಲ್ಲು ಎಳೆದುಕೊಳ್ಳುತ್ತದೆ. ಅದಕ್ಕೇ ಉದ್ದದ ಜಲ್ಲಿ ರನ್‌ವೇ ಇರುವ ಊರುಗಳಿಗೆ ಹಳೇ ಬೋಯಿಂಗ್ 737-200 ಎಷ್ಟೋ ವರ್ಷ ಓಡಿತು. ಮುಂದಿನ ಚಕ್ರಕ್ಕೆ ಕಲ್ಲು ತಡೆಯುವ ತಗಡು, ಇಂಜಿನ್ ಕೆಳಗೆ ಗಾಳಿ ಊದುವ ಸಣ್ಣ ಕೊಳವೆ. ನನ್ನಂಥ ಮೆಕ್ಯಾನಿಕ್‌ಗೆ ಅದನ್ನು ನೋಡುವುದೇ ಖುಷಿ.

ಪ್ಯಾಂಗ್‌ನಲ್ಲಿ ವಿಮಾನಗಳಿಗೆ ಅಪ್ಪಣೆ ಕೊಡುವ ಕಂಟ್ರೋಲ್ ಟವರ್ ಇಲ್ಲ, ರೇಡಿಯೋ ಕೋಣೆ ಇದೆ. ಗಾಳಿ ಎಷ್ಟಿದೆ, ಮೋಡ ಎಷ್ಟು ಕೆಳಗಿದೆ, ಹಿಮ ತೆಗೆಯುವ ಗಾಡಿ ರನ್‌ವೇ ಮೇಲಿದೆಯಾ, ಇಷ್ಟನ್ನು ಅಲ್ಲಿಂದ ಪೈಲಟ್‌ಗೆ ಹೇಳುತ್ತಾರೆ. ಇಳಿಯೋದಾ, ವಾಪಸ್ ಹೋಗೋದಾ ಅನ್ನುವುದು ಪೈಲಟ್ ಲೆಕ್ಕ. ಇನ್ನೂ ಉತ್ತರಕ್ಕೆ ಹೋದರೆ ದಿಕ್ಸೂಚಿಯನ್ನೂ ನಂಬುವ ಹಾಗಿಲ್ಲ, ಅದು ತೋರಿಸುವ ಧ್ರುವ ಅಷ್ಟು ಹತ್ತಿರ.

ನೀವು ಹೇಳುವ ನೂರೈವತ್ತು ಜನರ ಊರು ಗ್ರೀಸ್ ಫಿಯೋರ್ಡ್ ಇರಬೇಕು. 2021ರ ಜನಗಣತಿಯಲ್ಲಿ 144 ಜನ. ರನ್‌ವೇ ಅರ್ಧ ಕಿಲೋಮೀಟರ್, ಟ್ವಿನ್ ಆಟರ್‌ನಂಥ ಪುಟ್ಟ ವಿಮಾನಕ್ಕೆ ಅಷ್ಟು ಸಾಕು. ಈಗ ನಿಮ್ಮ ಎರಡನೇ ಪ್ರಶ್ನೆ, ಅವರನ್ನೇ ಕಳಿಸಬಾರದಾ ಅಂತ. ಅವರನ್ನು ಅಲ್ಲಿಗೆ ಕಳಿಸಿದ್ದೇ ಸರ್ಕಾರ! 1953 ಮತ್ತು 1955ರಲ್ಲಿ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ ಇನುಯಿಟ್ (ಉತ್ತರದ ಮೂಲನಿವಾಸಿ) ಕುಟುಂಬಗಳನ್ನು ಹಡಗಿಗೆ ಹತ್ತಿಸಿ ಗ್ರೀಸ್ ಫಿಯೋರ್ಡ್ ಮತ್ತು ರೆಸಲ್ಯೂಟ್‌ನಲ್ಲಿ ಇಳಿಸಿದರು. ಬೇಟೆ ಚೆನ್ನಾಗಿ ಸಿಗುತ್ತದೆ, ಬೇಡವಾದರೆ ವಾಪಸ್ ಬರಬಹುದು ಅಂದಿದ್ದರು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ಜಾಗ ಅದು. ವಾಪಸ್ ಕರೆತರುವ ಮಾತು ಹಾಗೇ ಉಳಿಯಿತು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಹೀಗಿರುವಾಗ "ಖರ್ಚು ಜಾಸ್ತಿ, ಇನ್ನೊಮ್ಮೆ ಎದ್ದು ಹೋಗಿ" ಅಂತ ಯಾವ ಬಾಯಲ್ಲಿ ಹೇಳುವುದು?

ಖರ್ಚು ಜಾಸ್ತಿ ಅನ್ನುವುದಂತೂ ನಿಜ. ಅಂಗಡಿಗೆ ಬರುವ ತಾಜಾ ತಿನಿಸಿಗೆ 2011ರಿಂದ ಬೇರೆ ಸಬ್ಸಿಡಿ ಇದೆ, ಆದರೂ ಅಲ್ಲಿನ ಬೆಲೆಚೀಟಿ ನೋಡಿದರೆ ತಲೆ ತಿರುಗುತ್ತದೆ.

ಹೋಗುವಾಗ ನನ್ನ ಬ್ಯಾಗ್ ಬರಲಿಲ್ಲ. ಕೌಂಟರಿನ ಅಕ್ಕ ಆರಾಮಾಗಿ, "ಇವತ್ತು ತೂಕ ಜಾಸ್ತಿ ಆಯಿತು, ನಿಮ್ಮದು ನಾಳೆ" ಅಂದಳು. ಅವಳ ಹಿಂದೆ ಹಾಲಿನ ಪೆಟ್ಟಿಗೆಗಳನ್ನು ಪಿಕಪ್‌ಗೆ ತುಂಬುತ್ತಿದ್ದರು. ಅದೇ ಜಾಕೆಟ್, ಅದೇ ಪ್ಯಾಂಟಿನಲ್ಲಿ ಎರಡು ದಿನ ಕಳೆದೆ.

ಬರುವಾಗ ಮೂರು ದಿನವೂ ಅದೇ ಆಟ. ಬೆಳಿಗ್ಗೆ ಸಾಮಾನು ಹೊತ್ತು ಹೋಗುವುದು, ಫ್ಲೈಟ್ ಇಲ್ಲ ಅಂತ ಕೇಳಿ ವಾಪಸ್ ಬರುವುದು. ಟೇಪ್ ಸುತ್ತಿದ ಪ್ಲಾಸ್ಟಿಕ್ ಡಬ್ಬಗಳು, ನುನಾವುಟ್‌ನ ರಾಜಧಾನಿ ಇಕಾಲುವಿಟ್‌ನ ನೆಂಟರಿಗೆ ಮೀನು ತುಂಬಿದ ಕೂಲರ್‌ಗಳು ಗೋಡೆ ಪಕ್ಕ ಸಾಲಾಗಿದ್ದವು. ಯಾರೂ ರೇಗಲಿಲ್ಲ, ನಾನೊಬ್ಬನೇ ಗೊಣಗುತ್ತಿದ್ದದ್ದು. ಮಳೆಗಾಲದಲ್ಲಿ ಸೇತುವೆ ಮೇಲೆ ನೀರು ಬಂದಾಗ ನಮ್ಮಜ್ಜಿ ಬಸ್ಸಿಗೆ ಕಾಯುತ್ತಿದ್ದದ್ದು ಹೀಗೇ.

ನಾಲ್ಕನೇ ದಿನ ವಿಮಾನ ಬಂತು. ಮುಂದಿನ ಅರ್ಧ ಸಾಮಾನಿಗೆ, ಹಿಂದಿನ ಅರ್ಧ ಜನಕ್ಕೆ. ಮೊದಲು ಹತ್ತಿಸಿದ್ದು ಒಬ್ಬ ಬಸುರಿ ಹೆಂಗಸನ್ನು. ಹೆರಿಗೆಗೆ ಇಕಾಲುವಿಟ್ ಆಸ್ಪತ್ರೆಗೇ ಹೋಗಬೇಕು, ಅದೂ ವಾರಗಳ ಮುಂಚೆ. ಬೇಲಿ ಆಚೆ ಅವಳ ಚಿಕ್ಕ ಮಗ ಅಜ್ಜಿಯ ಕೈ ಹಿಡಿದು ನಿಂತಿದ್ದ. ನನ್ನ ಹೆಸರು ಕೊನೆಗೆ ಕರೆದರು.