ಸಕ್ಕರೆ ಕಾಯಿಲೆ ಇರುವ ಅಮ್ಮನನ್ನು ಜಾತ್ರೆಗೆ ಕಳಿಸಬಹುದಾ?

ನಿಮ್ಮ ಅಮ್ಮನಿಗೆ 67 ವರ್ಷ, ಸಕ್ಕರೆ ಕಾಯಿಲೆ ಬೇರೆ. ಆದರೂ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಲೇಬೇಕು ಅಂತಾರೆ, ಅಷ್ಟು ಜನರ ನಡುವೆ ಏನಾದರೂ ಆದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಕೊಪ್ಪಳದ ಹತ್ತಿರದ ಹಳ್ಳಿಯವನು. ಖಂಡಿತ ಕಳಿಸಿ. ತೇರು ಎಳೆಯುವ ಹೊತ್ತಿನಲ್ಲಿ ಮಾತ್ರ ಹತ್ತಿರ ಬಿಡಬೇಡಿ.

ನಮ್ಮವ್ವನಿಗೆ ಮಂಡಿನೋವು, ಬಿಪಿ ಎರಡೂ ಇವೆ. ಜಾತ್ರೆ ಹತ್ತಿರ ಬಂತೆಂದರೆ ಓಣಿಯ ಹೆಂಗಸರು ನಮ್ಮ ಹಿತ್ತಲಲ್ಲಿ ಒಲೆ ಹೂಡುತ್ತಾರೆ. ಮಠದ ದಾಸೋಹಕ್ಕೆ ಜೋಳದ ರೊಟ್ಟಿ. ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ಬಡಿಯುತ್ತಾರೆ, ಅವ್ವ ಒದ್ದೆ ಬಟ್ಟೆಯಲ್ಲಿ ನೀರು ಸವರಿ ತಿರುವಿ ಹಾಕುತ್ತಾಳೆ. ಒಣಗಿ ಖಡಕ್ ಆದ ರೊಟ್ಟಿಗಳನ್ನು ಟ್ರ್ಯಾಕ್ಟರ್‌ಗೆ ಏರಿಸುತ್ತಾರೆ. ಹೀಗೆ ಊರೂರಿಂದ ಬರುವ ರೊಟ್ಟಿ ಲಕ್ಷಗಟ್ಟಲೆ. ಆ ದಿನಗಳಲ್ಲಿ ಅವ್ವನ ಬಾಯಲ್ಲಿ ಮಂಡಿನೋವಿನ ಮಾತೇ ಬರುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಗುರುತೇ ಇಲ್ಲದ ಹೆಂಗಸು ಸರಿದು, "ಬರ್ರಿ ಯಕ್ಕಾ, ಇಲ್ಲೇ ಕುಂದರ್ರಿ" ಅಂದದ್ದನ್ನು ಅವ್ವ ತಿಂಗಳುಗಟ್ಟಲೆ ಹೇಳುತ್ತಿರುತ್ತಾಳೆ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. 2011ರಲ್ಲಿ ಪ್ರಯಾಗದ ಮಾಘ ಮೇಳಕ್ಕೆ ಹೋದ 416 ಯಾತ್ರಿಕರನ್ನೂ, ಹೋಗದ 127 ಜನರನ್ನೂ ಸಂಶೋಧಕರು ಮೇಳಕ್ಕೆ ಒಂದು ತಿಂಗಳ ಮುಂಚೆ ಮತ್ತು ಮುಗಿದು ಒಂದು ತಿಂಗಳಾದ ಮೇಲೆ ಮಾತಾಡಿಸಿದ್ದರು. ಅಲ್ಲಿ ಕಲ್ಪವಾಸ ಅನ್ನುವ ವ್ರತಕ್ಕೆ ಕೂರುವವರು ನದಿ ದಂಡೆಯ ಡೇರೆಯಲ್ಲಿ ಒಂದು ತಿಂಗಳು ಇರುತ್ತಾರೆ. ಕೊರೆಯುವ ಚಳಿ, ತಣ್ಣೀರ ಸ್ನಾನ, ಹಗಲು ರಾತ್ರಿ ಮೈಕಿನ ಗದ್ದಲ. ಆದರೂ ಹೋಗದವರಿಗೆ ಹೋಲಿಸಿದರೆ ಹೋಗಿ ಬಂದವರೇ ಮೊದಲಿಗಿಂತ ಚೆನ್ನಾಗಿದ್ದೇವೆ ಅಂದರು. ಸುತ್ತ ಇರುವವರೆಲ್ಲ ನಮ್ಮವರೇ ಅನ್ನಿಸುವುದು, ಕಷ್ಟ ಬಂದರೆ ಯಾರಾದರೂ ಕೈ ಹಿಡಿಯುತ್ತಾರೆ ಅನ್ನುವ ಧೈರ್ಯ ಇದಕ್ಕೆ ಕಾರಣ ಅಂತ ಆ ಸಂಶೋಧಕರ ಅಭಿಪ್ರಾಯ. ನನಗೂ ಇದು ಸರಿ ಅನ್ನಿಸುತ್ತದೆ. ಸುಮ್ನೆ ನೋಡಲು ಹೋದವರಿಗೆ ಉಳಿಯುವುದು ಧೂಳು, ತಲೆನೋವು ಅಷ್ಟೇ. ಅದಕ್ಕೇ ಅಮ್ಮನನ್ನು ಅವರ ವಾರಿಗೆಯ ಗೆಳತಿಯರ ಜೊತೆ ಕಳಿಸಿ. ಏನಾದರೂ ಸಣ್ಣ ಸೇವೆ ಮಾಡಲಿ.

ಇನ್ನು ಅಪಾಯದ ಮಾತು. ಕಾಲ್ತುಳಿತ ಅಂತ ಕರೆದರೂ, ನೂಕುನುಗ್ಗಲಲ್ಲಿ ಜಾಸ್ತಿ ಜನ ಸಾಯುವುದು ಉಸಿರುಗಟ್ಟಿ. ನಿಂತಲ್ಲೇ ಎದೆ ಅದುಮಿ ಹೋಗುತ್ತದೆ, ಉಸಿರು ಎಳೆದುಕೊಳ್ಳಲು ಜಾಗ ಇರುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಇಂಥದ್ದೇ ನೂಕುನುಗ್ಗಲಲ್ಲಿ 11 ಜನ ತೀರಿಹೋದರು. ಸಂಭ್ರಮಪಡಲು ಬಂದ ಮಕ್ಕಳು. ನೆನೆದರೆ ಈಗಲೂ ಸಂಕಟವಾಗುತ್ತದೆ. ಜಾತ್ರೆಯಲ್ಲೂ ತೇರು ಅಲುಗಿದ ಕೂಡಲೇ ಉತ್ತತ್ತಿ, ಬಾಳೆಹಣ್ಣು ಎಸೆಯಲು ಎಲ್ಲರೂ ಒಮ್ಮೆಲೇ ಮುಂದೆ ನುಗ್ಗುತ್ತಾರೆ. ನಾಲ್ಕೂ ಕಡೆಯಿಂದ ಮೈ ತಾಗಲು ಶುರುವಾಯಿತೆಂದರೆ ಆಗಲೇ ಪಕ್ಕಕ್ಕೆ ಸರಿಯಬೇಕು. ಸಿಕ್ಕಿಹಾಕಿಕೊಂಡರೆ ಎರಡೂ ಕೈ ಮಡಚಿ ಎದೆ ಮುಂದೆ ಇಟ್ಟುಕೊಳ್ಳಬೇಕು, ಎದುರು ತಳ್ಳಬಾರದು, ಬಿದ್ದ ಚಪ್ಪಲಿಗೆ ಬಗ್ಗಬಾರದು. ಅಮ್ಮ ತೇರಿನ ದಿನ ಬಿಟ್ಟು ಮಾರನೇ ದಿನ ಬೆಳಗ್ಗೆ ಹೋದರೆ ನೆಮ್ಮದಿಯಾಗಿ ದರ್ಶನ ಆಗುತ್ತದೆ.

ಸಕ್ಕರೆ ಇರುವವರು ಮಾತ್ರೆ ನುಂಗಿ ಊಟದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತರೆ ಸಕ್ಕರೆ ಇಳಿದು ತಲೆಸುತ್ತು ಬರಬಹುದು. ಚೀಲದಲ್ಲಿ ಗ್ಲುಕೋಸ್ ಪುಡಿ, ಬಿಸ್ಕತ್ತು ಇರಲಿ. ಶೌಚಾಲಯ ಸಿಗಲ್ಲ ಅಂತ ಹೆಂಗಸರು ನೀರೇ ಕುಡಿಯುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಶೌಚಾಲಯ ಎಲ್ಲಿದೆ ಅಂತ ಮೊದಲೇ ವಿಚಾರಿಸಿ ತೋರಿಸಿಬಿಡಿ. ಬರಿಗಾಲಲ್ಲಿ ನಡೆಯಲು ಬಿಡಬೇಡಿ. ಸಕ್ಕರೆಯಿಂದ ಕಾಲು ಜೋಮು ಹಿಡಿದಿದ್ದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ರಾತ್ರಿ ಮನೆಗೆ ಬಂದ ಮೇಲೆ ಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಟಾರ್ಚ್ ಹಿಡಿದು ಅಂಗಾಲು, ಬೆರಳ ಸಂದಿ ನೀವೇ ನೋಡಿ.