ಯೂರಿಯಾ ಹಾಕುವ ಮುಂಚೆ ಬೇರು ನೋಡಿ

ದಾವಣಗೆರೆಯ ಓದುಗರೊಬ್ಬರ ಪತ್ರ: "ಕಿರಾಣಿ ಅಂಗಡಿಯ ಸೋಯಾ ಕಾಳನ್ನು ರಾತ್ರಿ ನೆನೆಸಿ, ಜೂನ್‌ನಲ್ಲಿ ಹಿತ್ತಲಲ್ಲಿ ಊರಿದೆ. ಅರ್ಧದಷ್ಟೂ ಹುಟ್ಟಲಿಲ್ಲ. ಹುಟ್ಟಿದವುಗಳ ಕೆಳಗಿನ ಎಲೆ ಹಳದಿಯಾಗುತ್ತಿವೆ, ಹೂವೂ ಉದುರುತ್ತಿವೆ. ಯೂರಿಯಾ ಹಾಕಲೇ?"

ಸಂಪಾದಕರ ಉತ್ತರ:

ಸದ್ಯಕ್ಕೆ ಬೇಡ. ಮೊದಲು ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು ತೆಗೆಯಿರಿ. ಜಗ್ಗಬೇಡಿ, ಜಗ್ಗಿದರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಬೇರನ್ನು ನೀರಲ್ಲಿ ಅದ್ದಿ ತೊಳೆದು ನೋಡಿ. ಸಣ್ಣ ಸಣ್ಣ ಉಂಡೆಯಂಥ ಗಂಟುಗಳಿದ್ದರೆ ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ, ಯೂರಿಯಾದಿಂದ ಸಿಗುವ ಸಾರಜನಕವನ್ನು ಗಿಡ ಈ ಗಂಟುಗಳ ಮೂಲಕ ಗಾಳಿಯಿಂದ ತಾನೇ ಪಡೆಯುತ್ತಿದೆ. ಅಂಥ ಗಿಡಕ್ಕೆ ಯೂರಿಯಾ ಸುರಿದರೆ ಗಂಟುಗಳ ಕೆಲಸ ಕುಂಠಿತವಾಗುತ್ತದೆ. ಆಗ ಹಳದಿಗೆ ಬೇರೆ ಕಾರಣ ಹುಡುಕಬೇಕು. ಬುಡದಲ್ಲಿ ಮಳೆ ನೀರು ನಿಲ್ಲುತ್ತಿದೆಯೇ ನೋಡಿ.

ಗಂಟೇ ಇಲ್ಲದಿದ್ದರೆ? ನಿಮ್ಮ ಹಿತ್ತಲಲ್ಲಿ ಆಗಿರುವುದು ಇದೇ ಇರಬೇಕು. ಸೋಯಾ ಬೇರಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ ಬೇರೆಯೇ ಜಾತಿಯದು. ಹೆಸರು ಬ್ರಾಡಿರೈಜೋಬಿಯಂ ಜಪೋನಿಕಂ. ಅವರೆ, ಅಲಸಂದೆ ಚೆನ್ನಾಗಿ ಬಂದ ಮಣ್ಣಲ್ಲೂ ಅದು ಇರಲೇಬೇಕೆಂದಿಲ್ಲ. ಈ ಸಲ ಬುಡಕ್ಕೆ ಎರೆಗೊಬ್ಬರ ಕೊಟ್ಟು ಗಿಡ ಉಳಿಸಿಕೊಳ್ಳಿ. ಮುಂದಿನ ಸಲ ಸೋಯಾಬೀನ್‌ಗೆಂದೇ ಬರುವ, ಈ ಬ್ಯಾಕ್ಟೀರಿಯಾ ಇರುವ ರೈಜೋಬಿಯಂ ಪುಡಿ ತಂದು, ಆರಿದ ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ. ನೆರಳಲ್ಲಿ ಆರಿಸಿ ಕೂಡಲೇ ಬಿತ್ತಿ. ಬಿಸಿಲು ತಾಗಿದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಇನ್ನು ಬೀಜದ ಮಾತು. ಸೋಯಾ ಸಿಪ್ಪೆ ತುಂಬಾ ತೆಳು. ಮೂಟೆ ಎತ್ತಿ ಹಾಕಿದ ಪೆಟ್ಟಿಗೇ ಒಳಗಿನ ಮೊಳಕೆ ಕೆಡುತ್ತದೆ, ವರ್ಷ ಕಳೆದರಂತೂ ಹುಟ್ಟುವ ಶಕ್ತಿ ಬೇಗ ಇಳಿಯುತ್ತದೆ. ಪ್ರಮಾಣಿತ ಬೀಜಕ್ಕೇ 70 ಶೇಕಡಾ ಮೊಳಕೆ ಸಾಕು ಅಂತ ನಿಯಮವಿದೆ. ಹಾಗಿರುವಾಗ ಅಡುಗೆಗೆ ಮಾರುವ ಕಾಳಿನ ಮೇಲೆ ಭರವಸೆ ಇಡಬಾರದು, ಅಲ್ವಾ? ನೆನೆಸಿದ್ದೂ ಕೆಡುಕಾಗಿರಬಹುದು. ಒಮ್ಮೆಲೇ ಜಾಸ್ತಿ ನೀರು ಹೀರಿದರೆ ಬೇಳೆ ಬಿರಿಯುತ್ತದೆ. ಒಣ ಬೀಜವನ್ನೇ ಹದವಾದ ಮಣ್ಣಲ್ಲಿ 3-4 ಸೆಂಟಿಮೀಟರ್ ಆಳಕ್ಕೆ ಊರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ಸಿಕ್ಕರೆ ಬಿಡಬೇಡಿ, ತುಕ್ಕು ರೋಗ ತಡೆಯುವ ತಳಿ ಅದು.

ಹೂವು ಉದುರುವುದಕ್ಕೆ ಗಾಬರಿಯಾಗಬೇಡಿ. ಸೋಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಹೂವು ಉದುರುವುದು ಸಹಜ. ಆದರೆ ಹೂವಿನಿಂದ ಕಾಯಿ ತುಂಬುವವರೆಗೆ ಮಣ್ಣು ಒಣಗಲು ಬಿಡಬೇಡಿ.

ಕಾಯಿ ಹಸಿರಾಗಿರುವಾಗಲೇ, ಕಾಳು ಪೂರ್ತಿ ತುಂಬಿದ ಮೇಲೆ ಒಂದಷ್ಟು ಕಿತ್ತು ಉಪ್ಪು ನೀರಲ್ಲಿ ಬೇಯಿಸಿ ಬಿಡಿಸಿ ತಿನ್ನಿ, ಬಲು ರುಚಿ. ಮಕ್ಕಳು ಹಸಿ ಕಾಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಬೇಯಿಸದ ಸೋಯಾ ಜೀರ್ಣವಾಗುವುದು ಕಷ್ಟ.